ಕಿವಿಯಿಟ್ಟು ಕೇಳಿ ತಂದ ಪೆಟ್ಟಿಗೆ

ಆ ಮನೆಯಲ್ಲಿ ಸೀನು ಬಂದರೂ ದಿಂಬಿಗೆ ಮುಖ ಒತ್ತಿಕೊಂಡೇ ಸೀನಬೇಕಿತ್ತು. ಅಪ್ಪ ಬ್ರೆಡ್ ಫ್ಯಾಕ್ಟರಿಯಲ್ಲಿ ಒವನ್ ನೋಡಿಕೊಳ್ಳುವವನು, ಪಾಳಿ ರಾತ್ರಿಯದು. ಮಗಳು ಹುಟ್ಟುವ ಮೊದಲಿಂದಲೂ ಅದೇ ಪಾಳಿ. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವನು ಮೈತುಂಬ ಹಿಟ್ಟಿನ ವಾಸನೆ ಹೊತ್ತು, ಸೊಟ್ಟಗೆ ಬೆಂದ ಬ್ರೆಡ್ಡಿನ ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದ. ತಿಂದು, ಹಜಾರದ ಅರ್ಧಕ್ಕೆ ಕಟ್ಟಿದ ಕಂದು ಪರದೆಯ ಹಿಂದೆ ಮಲಗಿಬಿಡುತ್ತಿದ್ದ.

ಹಾಗಾಗಿ ಉಳಿದವರೆಲ್ಲ ಬೆಕ್ಕಿನ ಹೆಜ್ಜೆ ಕಲಿತಿದ್ದರು. ಕರೆಗಂಟೆಯ ತಂತಿ ಕಿತ್ತು ಯಾವುದೋ ಕಾಲವಾಗಿತ್ತು. ಕುರ್ಚಿಯ ಕಾಲುಗಳಿಗೆ ಹಳೇ ಸಾಕ್ಸ್ ತೊಡಿಸಿದ್ದರು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಜಿಪ್ ಬದಲಿಸುವವಳು. ಅಪ್ಪ ಕೆಲಸಕ್ಕೆ ಹೊರಟ ಮೇಲಷ್ಟೇ ಮಿಷನ್ ತುಳಿಯುತ್ತಿದ್ದಳು. ಮಗಳು ಮನೆಯಲ್ಲಿ ನುಂಗಿಕೊಂಡ ಮಾತನ್ನೆಲ್ಲ ಬಸ್ಸಿನಲ್ಲಿ, ಕಾಲೇಜಿನಲ್ಲಿ ಸುರಿದು ಬರುತ್ತಿದ್ದಳು. ಅದಕ್ಕೇ ಅವಳಿಗೆ ಗಿಣಿ ಅಂತ ಹೆಸರು ಬಿದ್ದದ್ದು.

ಟಿವಿ ಇತ್ತು. ಪರದೆಯ ಈಚೆಗೇ ಇತ್ತು. ಆದರೆ ಅದರ ಬಾಯಿ ಕಟ್ಟಿತ್ತು. ಹಾಕಿದ ಕೂಡಲೇ ಮೊದಲು ಒತ್ತುವುದು ಸದ್ದು ನಿಲ್ಲಿಸುವ ಗುಂಡಿಯನ್ನೇ.

ಅದಕ್ಕೆ ಮಾತು ಕೊಡುವವಳು ಅಜ್ಜಿ, ಅಪ್ಪನ ಅಮ್ಮ. ಗೋಡೆಗೆ ಒರಗಿ, ಕಾಲು ನೀಡಿ, ಬೀನ್ಸಿನ ನಾರು ತೆಗೆಯುತ್ತ, ಪಿಸುದನಿಯಲ್ಲಿ ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದಳು. ಯಾವ ಚಾನೆಲ್ ಹಾಕಿದರೂ ಅಜ್ಜಿಯ ಕಥೆ ಒಂದೇ. ಮೀಸೆ ಇದ್ದವನು ಔಷಧಿ ಅಂಗಡಿಯವನು. ಅಳುವವಳು ಅವನ ಮಗಳು. ಅವಳಿಗೆ ಲಾಂಡ್ರಿಯವನ ಮಗನ ಜೊತೆ ಮದುವೆ ಗೊತ್ತಾಗಿದೆ, ಉಂಗುರ ಕಳೆದುಹೋಗಿದೆ, ಮದುವೆ ನಿಂತಿದೆ. ಸುದ್ದಿ ಓದುವವಳು ಉಂಗುರ ಕದ್ದವರ ಹೆಸರು ಹೇಳುತ್ತಿದ್ದಳು. ಫುಟ್‌ಬಾಲ್ ಆಟಗಾರರು ಗಂಡಿನ ಕಡೆಯವರು. ಹುಲ್ಲಿನ ಮೇಲೆ ಉರುಳಾಡಿ ಉಂಗುರ ಹುಡುಕುತ್ತಿದ್ದರು. ಗಿಣಿ ಬಾಯಿಗೆ ದುಪಟ್ಟಾ ತುರುಕಿಕೊಂಡು ನಗುತ್ತಿದ್ದಳು.

"ಮೆತ್ತಗೆ ಅತ್ತೆ, ಅವರು ಏಳ್ತಾರೆ," ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಗದರಬೇಕು.

"ಇದಕ್ಕಿಂತ ಮೆತ್ತಗೆ ಅಂದ್ರೆ ಉಸಿರೇ ನಿಲ್ಲಿಸ್ಬೇಕು ಕಣೇ," ಎಂದು ಅಜ್ಜಿ ಇನ್ನೂ ಮೆತ್ತಗೆ ಹೇಳುವಳು.

ಹೀಗಿರುವಾಗ ಫ್ಯಾಕ್ಟರಿಗೆ ಹೊಸ ಒವನ್ ಬಂತು. ಅಪ್ಪನಿಗೆ ಹಗಲು ಪಾಳಿ ಸಿಕ್ಕಿತು.

ಮೊದಲ ದಿನವೇ ಅಮ್ಮ ಕಂದು ಪರದೆ ಬಿಚ್ಚಿ, ಒಗೆದು, ಮಿಷನ್ನಿಗೆ ಹೊದಿಕೆ ಮಾಡಿದಳು. ಬೆಳಕಿರುವಾಗಲೇ ಕೂತು ಹೊಲಿದಳು. ಕಣ್ಣಿಗೆ ಹೊಸ ಜೀವ ಬಂದ ಹಾಗಾಯಿತು ಅಂದಳು. ರಾತ್ರಿ ನಾಲ್ವರೂ ಒಟ್ಟಿಗೆ ಊಟಕ್ಕೆ ಕೂತರು. ಯಾರು ಎಲ್ಲಿ ಕೂರುವುದು ಅಂತಲೇ ಗೊತ್ತಾಗದೆ ಅಪ್ಪ ತಟ್ಟೆ ಹಿಡಿದು ಒಂದು ಸುತ್ತು ಹಾಕಿದ.

"ನಿನ್ನ ಮನೇನೇ ಕಣೋ, ಕೂತ್ಕೋ," ಅಂದಳು ಅಜ್ಜಿ.

ಊಟವೇನೋ ಸೊಗಸಾಯಿತು, ನಿದ್ದೆ ಮಾತ್ರ ಬರಲಿಲ್ಲ. ಅವನಿಗೆ ಕಿರಿಕಿರಿಯಾಗದಿರಲಿ ಅಂತ ಊಟ ಮುಗಿದ ಕೂಡಲೇ ಟಿವಿ ಆರಿಸಿದರು, ಗಡಿಯಾರವನ್ನು ಅಡಿಗೆಮನೆಗೆ ಸಾಗಿಸಿದರು, ಗೂಡು ಸೇರಿದ ಗುಬ್ಬಚ್ಚಿಗಳಂತೆ ಸುಮ್ಮನೆ ಮಲಗಿದರು. ಅಪ್ಪ ಚಾವಣಿ ನೋಡುತ್ತ ಬೆಳಗು ಮಾಡುತ್ತಿದ್ದ. ಬಿಸಿ ಹಾಲು ಕುಡಿದ, ಮಹಡಿ ಮೆಟ್ಟಿಲು ಹತ್ತಿ ಇಳಿದ, ಡಾಕ್ಟರ ಮಾತ್ರೆ ನುಂಗಿದ. ಮಾತ್ರೆಗೆ ಹಗಲೆಲ್ಲ ತೂಕಡಿಕೆ ಬಂತೇ ಹೊರತು ರಾತ್ರಿ ಕಣ್ಣು ಮುಚ್ಚಲಿಲ್ಲ.

ಎರಡನೇ ವಾರ ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ನಿಂತಲ್ಲೇ ತೂಕಡಿಸಿ ಕಾದ ಟ್ರೇಗೆ ಕೈ ತಾಗಿಸಿಕೊಂಡಿದ್ದ.

"ಸೂಪರ್‌ವೈಸರ್ ಏನಂದ್ರು?" ಅಮ್ಮ ಮುಲಾಮು ಹಚ್ಚುತ್ತ ಕೇಳಿದಳು.

"ಇನ್ನೊಂದ್ಸಲ ಹೀಗಾದ್ರೆ ವಾಪಸ್ ರಾತ್ರಿಗೆ ಹಾಕ್ತಾರಂತೆ. ಹಗಲು ನಿಂಗೆ ಒಗ್ಗಲ್ಲ ಬಿಡು ಅಂದ್ರು."

ಅಮ್ಮ ಮಿಷನ್ ಕಡೆ ನೋಡಿದಳು.

ಭಾನುವಾರ ಮಾವ ಬಂದ. ಅಮ್ಮನ ತಮ್ಮ, ವ್ಯಾನ್ ಓಡಿಸಿ ಅಂಗಡಿ ಅಂಗಡಿಗೆ ಸಾಮಾನು ಹಾಕುವವನು. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ಗೊತ್ತಿದ್ದದ್ದೂ ಅಷ್ಟಕ್ಕಷ್ಟೇ.

"ಭಾವ, ನಿಮಗೆ ಬೇಕಾಗಿರೋದು ಮಾತ್ರೆ ಅಲ್ಲ, ಮನರಂಜನೆ," ಎಂದು ಆಮ್ಲೆಟ್ಟಿಗೆ ಕೈ ಹಾಕಿದ. "ಹೋಮ್ ಥಿಯೇಟರ್ ಮಾಡಿ. ಊಟ ಆದ್ಮೇಲೆ ಒಂದು ಸಿನಿಮಾ. ಇಂಟರ್ವಲ್ ಒಳಗೆ ಮಲಗಿಲ್ಲ ಅಂದ್ರೆ ಕೇಳಿ. ನಾನು ಥಿಯೇಟರಿಗೆ ಹೋಗೋದೇ ನಿದ್ದೆ ಮಾಡೋಕೆ."

"ಹೋದಲ್ಲೆಲ್ಲ ನಿದ್ದೆ ಮಾಡೋನೇ ತಾನೇ ನೀನು," ಅಂದಳು ಅಜ್ಜಿ.

"ನಮ್ಮದು ಹಳೇ ಟಿವಿ ಕಣೋ," ಅಂದಳು ಅಮ್ಮ.

"ಅಕ್ಕ, ಅದಕ್ಕೊಂದು ಪುಟ್ಟ ಕಂಪ್ಯೂಟರ್ ಜೋಡಿಸಿದ್ರೆ ಮುಗೀತು. ಇಂಟರ್ನೆಟ್ಟಿಂದ ಲೋಕದ ಸಿನಿಮಾ ಎಲ್ಲ ಬಂದು ಬೀಳುತ್ತೆ. ಸ್ಪೀಕರ್ ನಂದು. ಜಿಮ್ ಮುಚ್ಚಿದ ಸ್ನೇಹಿತನ ಹತ್ರ ಬಿದ್ದಿದೆ, ಆಳೆತ್ತರದ್ದು."

ಅಪ್ಪ ಸುಟ್ಟ ಕೈ ನೋಡಿಕೊಂಡ. "ಆಗ್ಲಿ," ಅಂದ. "ಇಷ್ಟು ವರ್ಷ ಒಂದು ಸಿನಿಮಾನೂ ನೆಟ್ಟಗೆ ನೋಡಿಲ್ಲ. ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಗಿಣಿ ಆರಿಸ್ಲಿ. ಓದೋ ಹುಡುಗಿ."

ಓದುವುದು ಕಂಪ್ಯೂಟರ್ ಅಲ್ಲ, ಕಾಮರ್ಸ್ ಎಂದು ಗಿಣಿ ಹೇಳಲಿಲ್ಲ. ಅಪ್ಪ ಒಂದು ಕೆಲಸ ಒಪ್ಪಿಸಿದ್ದೇ ಅಪರೂಪ. ತಾನು ಆರಿಸಿ ತಂದ ಪೆಟ್ಟಿಗೆಯಿಂದ ಅಪ್ಪನಿಗೆ ನಿದ್ದೆ ಬಂದುಬಿಟ್ಟರೆ! ಅವಳು ಆಗಲೇ ಮೂರು ಗೆಳತಿಯರಿಗೆ ಮೆಸೇಜ್ ಕಳಿಸಿಯಾಗಿತ್ತು.

ಮುಂದಿನ ವಾರವಿಡೀ ಊಟದ ಹೊತ್ತಿಗೆ ಅದೇ ಮಾತು. ಗಿಣಿ ಫೋನಿನಲ್ಲಿ ಹುಡುಕಿ ಹುಡುಕಿ ಕಣ್ಣು ಕೆಂಪು ಮಾಡಿಕೊಂಡಳು. ಬೆರಳುದ್ದದ ಕಡ್ಡಿಯಂಥದ್ದು ಅಗ್ಗವಾಗಿತ್ತು. ಆದರೆ ಅದು ಹೊಸ ಟಿವಿಗೆ ಮಾತ್ರ ಹೊಂದುತ್ತಿತ್ತು. ಇವರ ಟಿವಿಗೆ ಎರಡು ಸ್ಕ್ರೂ ತಿರುಗಿಸಿ ಕೂರಿಸುವ ಹಳೇ ಕೇಬಲ್ಲೇ ಗತಿ, ಆ ಕೇಬಲ್ ಒಯ್ಯುವುದು ಚಿತ್ರ ಮಾತ್ರ. ಸದ್ದನ್ನು ಪೆಟ್ಟಿಗೆಯಿಂದ ಬೇರೆ ತಂತಿಯಲ್ಲಿ ಸ್ಪೀಕರಿಗೆ ಎಳೆಯಬೇಕು. ಮಾವನಿಗೆ ಬಣ್ಣಬಣ್ಣದ ದೀಪ ಮಿನುಗುವ ದೊಡ್ಡ ಡಬ್ಬವೇ ಆಗಬೇಕಿತ್ತು.

"ಅದರೊಳಗೆ ಮೂರು ಫ್ಯಾನ್ ಇದೆ ಮಾವ. ಭರ್ ಅನ್ನುತ್ತೆ. ಅಪ್ಪ ಹೇಗೆ ಮಲಗ್ತಾನೆ?"

"ಭರ್ ಅಂದ್ರೆ ಪವರ್ ಇದೆ ಅಂತ!"

"ನಿನ್ನ ವ್ಯಾನೂ ಭರ್ ಅನ್ನುತ್ತಪ್ಪ," ಅಂದಳು ಅಜ್ಜಿ, "ತಳ್ಳೋರು ನಾವು."

ಅಮ್ಮನದು ಒಂದೇ ಷರತ್ತು. "ವೈರ್ ಕಾಲಿಗೆ ಸಿಗಬಾರ್ದು, ಒರೆಸೋಕೆ ಸುಲಭ ಇರ್ಬೇಕು."

ಅಜ್ಜಿಯದು ಷರತ್ತೇ ಅಲ್ಲ, ತಕರಾರು. "ಈಗ ಏನು ಕಮ್ಮಿ ಆಗಿದೆ? ನಾನು ಹೇಳೋದು ಕೇಳ್ಸಲ್ವಾ?"

"ಕೇಳ್ಸುತ್ತಜ್ಜಿ. ಆದ್ರೆ ಅವರು ನಿಜವಾಗ್ಲೂ ಏನು ಹೇಳ್ತಾರೆ ಅಂತ ಕೇಳ್ಬೇಡ್ವಾ?"

"ಅವರೇನು ನಮ್ಮ ನೆಂಟರಾ, ನಿಜ ಹೇಳೋಕೆ?" ಎಂದು ಅಜ್ಜಿ ತಟ್ಟೆ ಎತ್ತಿಕೊಂಡು ಎದ್ದಳು.

ಕೊನೆಗೆ ಗಿಣಿ ಆರಿಸಿದ್ದು ಆಫೀಸುಗಳಲ್ಲಿ ಮಾನಿಟರಿನ ಬೆನ್ನಿಗೆ ಸಿಕ್ಕಿಸಿಡುವ ಪುಟ್ಟ ಕಂಪ್ಯೂಟರನ್ನು. ಬಳಸಿ ಬಿಟ್ಟದ್ದು, ದಪ್ಪ ಪುಸ್ತಕದಷ್ಟು ಗಾತ್ರ. ಹಳೇ ಕೇಬಲ್ಲಿಗೆ ಜಾಗವಿತ್ತು, ಸ್ಪೀಕರ್ ತಂತಿಗೆ ಗುಂಡನೆಯ ತೂತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಒಳಗೆ ಫ್ಯಾನೇ ಇರಲಿಲ್ಲ.

ಅಮ್ಮನೂ ಗಿಣಿಯೂ ಅಂಗಡಿಗೆ ಹೋದರು. ಅಂಗಡಿಯವನು ಕಿವಿಗೂ ಹೆಗಲಿಗೂ ನಡುವೆ ಫೋನ್ ಸಿಕ್ಕಿಸಿಕೊಂಡೇ ಪೆಟ್ಟಿಗೆಯನ್ನು ಒಂದು ಮಾನಿಟರಿಗೂ ಪುಟ್ಟ ಸ್ಪೀಕರಿಗೂ ಜೋಡಿಸಿ, ಸಿನಿಮಾ ಹಾಕಿ, "ನೋಡ್ಕೊಳ್ಳಿ ಮೇಡಂ, ಎಷ್ಟೊತ್ತು ಬೇಕಾದ್ರೂ ನೋಡಿ, ಹಳೇ ಮಾಲು, ಆಮೇಲೆ ವಾಪಸ್ ಇಲ್ಲ," ಅಂದು ಒಳಗೆ ಹೋದ.

ಇಬ್ಬರೂ ಸ್ಟೂಲ್ ಎಳೆದುಕೊಂಡು ಕೂತರು. ಗಿಣಿ ಕಾರು ಓಡುವ ಕಡೆ ಚಿತ್ರ ತಡವರಿಸುತ್ತದೆಯೇ ಅಂತ ನೋಡಿದಳು, ಹಿಂದೆ ಮುಂದೆ ಓಡಿಸಿ ನೋಡಿದಳು. ಅಮ್ಮ ನಾಯಕಿಯ ಕೋಟಿನ ಹೊಲಿಗೆ ನೋಡಿದಳು.

"ಕಾಲರ್ ಎಷ್ಟು ಚೆನ್ನಾಗಿ ಕಾಣ್ಸುತ್ತೆ ಕಣೇ. ಕೈಹೊಲಿಗೆ ಅದು."

ಆಮೇಲೆ ಗಿಣಿ ಮುಖ್ಯ ಪರೀಕ್ಷೆ ಮಾಡಿದಳು. ಬಗ್ಗಿ ಪೆಟ್ಟಿಗೆಗೆ ಕಿವಿ ಒತ್ತಿದಳು. ಉಸಿರು ಹಿಡಿದಳು.

"ಏನಾದ್ರೂ ಕೇಳುತ್ತಾ?"

"ಒಂಚೂರೂ ಇಲ್ಲಮ್ಮ. ನೀನೇ ನೋಡು."

ಅಮ್ಮನೂ ಕಿವಿ ಇಟ್ಟಳು. ಇಬ್ಬರಿಗೂ ಹಾಲು ಕುಡಿದಷ್ಟು ಸಂತೋಷವಾಯಿತು. ತಂದೇಬಿಟ್ಟರು.

ಸಂಜೆ ಮಾವ ವ್ಯಾನಿನಲ್ಲಿ ಸ್ಪೀಕರ್ ಇಳಿಸಿದ. ಬೀರುವಿನಂಥ ಎರಡು ಕಪ್ಪು ಡಬ್ಬ. ಒಂದು ಬಾಗಿಲಿಗೆ ಅಡ್ಡವಾಯಿತು, ಇನ್ನೊಂದು ಅಜ್ಜಿ ಒರಗುವ ಗೋಡೆ ನುಂಗಿತು. ಅಜ್ಜಿ ತನ್ನ ಮಣೆ ಎತ್ತಿಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ಕೂತಳು. ಅಪ್ಪ ಸ್ನಾನ ಮಾಡಿ, ತಲೆ ಬಾಚಿ, ಯಾರದೋ ಮನೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ.

ಸಿನಿಮಾ ಹಾಕಿದರು. ಚಿತ್ರ ಬಂತು. ಸದ್ದು ಬರಲಿಲ್ಲ.

ಮೊದಲು ಯಾರಿಗೂ ಹೊಳೆಯಲೇ ಇಲ್ಲ. ಕಾರು ಓಡಿತು, ಸೇತುವೆ ಬಿತ್ತು, ಎಲ್ಲರೂ ನೆಟ್ಟ ಕಣ್ಣಿಂದ ನೋಡುತ್ತಿದ್ದರು. ಹೊರಗಿನವನಾದ ಮಾವನೇ ಕೇಳಬೇಕಾಯಿತು.

"ಏ, ಸೌಂಡ್ ಎಲ್ಲೇ?"

"ಅಯ್ಯೋ ಹೌದಲ್ಲ!"

ತಂತಿ ಕಿತ್ತು ಹಾಕಿದರು. ಪೆಟ್ಟಿಗೆ ಆರಿಸಿ ಹಾಕಿದರು.

"ನಿನ್ನ ಜಿಮ್ ಸ್ಪೀಕರ್ ಸತ್ತಿದೆ ಕಣೋ," ಅಂದಳು ಅಮ್ಮ.

"ನನ್ ಸ್ಪೀಕರಾ?" ಮಾವ ರೋಷದಿಂದ ಅದೇ ತಂತಿ ತನ್ನ ಫೋನಿಗೆ ಸಿಕ್ಕಿಸಿದ. ಹಜಾರ ಗುಡುಗಿತು. ಅಡಿಗೆಮನೆಯಲ್ಲಿ ಲೋಟ ಉರುಳಿತು. ಪಕ್ಕದ ಮನೆಯವರು ಕಿಟಕಿ ತೆಗೆದು ಏನಾಯ್ತು ಅಂದರು.

ಪೆಟ್ಟಿಗೆಯ ಗುಂಡನೆಯ ತೂತೇ ಕೆಟ್ಟಿತ್ತು.

"ಅಂಗಡೀಲಿ ನೋಡ್ಲಿಲ್ವಾ?" ಮಾವ ಕೇಳಿದ.

"ನೋಡಿದ್ವಿ," ಅಂದಳು ಗಿಣಿ.

"ಕೇಳ್ಲಿಲ್ವಾ?"

"ಕೇಳಿದ್ವಿ ಕಣೋ," ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು, "ಸದ್ದು ಮಾಡಲ್ಲ ತಾನೇ ಅಂತ ಕಿವಿ ಇಟ್ಟು ಕೇಳಿದ್ವಿ."

ಮಾವ ನಗಲು ಶುರು ಮಾಡಿದವನು ಸ್ಪೀಕರ್ ಹಿಡಿದುಕೊಂಡು ಕೂತುಬಿಟ್ಟ. "ಅಲ್ಲ ಅಕ್ಕ, ಥಿಯೇಟರ್ ಮಾಡೋಕೆ ಹೋಗಿ, ಮೂಕಪೆಟ್ಟಿಗೇನ ಪರೀಕ್ಷೆ ಮಾಡಿ ತಂದ್ರಾ?" ಗಿಣಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ್ದು ಅವಳಿಗೆ ಕಂಡಿತು.

ಮರುದಿನ ಗಿಣಿ ಹೋಗಿ ಅಂಗಡಿಯವನಿಗೆ ಹೇಳಿದಾಗ ಅವನು ಫೋನ್ ಕಿವಿಯಿಂದ ಕೆಳಗಿಳಿಸಿದ.

"ಅಷ್ಟೊತ್ತು ಕೂತು ನೋಡಿದ್ರಲ್ಲಮ್ಮ! ಸೌಂಡ್ ಬರ್ತಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ನಮ್ಮನೇಲಿ ಟಿವಿಗೆ ಸೌಂಡ್ ಇಡೋ ಅಭ್ಯಾಸ ಇಲ್ಲ ಅಣ್ಣ."

ಅವನು ಫೋನ್ ಆರಿಸಿ ಮೇಜಿನ ಮೇಲಿಟ್ಟ. ವಾಪಸ್ ಇಲ್ಲ ಅಂದ. ಆದರೆ ಪೆನ್‌ಡ್ರೈವಿನ ಹಾಗೆ ಸಿಕ್ಕಿಸುವ ಸೌಂಡ್ ಕಾರ್ಡ್ ಬರುತ್ತದೆ, ಮುಂದಿನ ವಾರ ಮಾಲು ಬಂದಾಗ ಪುಕ್ಕಟೆ ಕೊಡುತ್ತೇನೆ ಅಂದ.

ಆ ಸಂಜೆ ಊಟವಾದ ಮೇಲೆ ಅಪ್ಪ ಪೆಟ್ಟಿಗೆ ಹಾಕು ಅಂದ. "ತಂದಿದ್ದೀವಲ್ಲ, ಚಿತ್ರನಾದ್ರೂ ನೋಡೋಣ."

ಹಾಕಿದಳು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಓಡುತ್ತಿದ್ದ, ಕೈ ಬೀಸಿ ಏನೋ ಕೂಗುತ್ತಿದ್ದ. ಗಿಣಿ ಹೊಸ್ತಿಲ ಕಡೆ ತಿರುಗಿದಳು.

"ಅಜ್ಜಿ, ಹೇಳಜ್ಜಿ."

"ನಂದೇನಿದೆ? ಥಿಯೇಟರ್ ಬಂದಿದ್ಯಲ್ಲ."

ಅಪ್ಪ ಟಿವಿ ಮೇಲಿಂದ ಕಣ್ಣು ತೆಗೆಯದೆ ಕೇಳಿದ. "ಇವನು ಲಾಂಡ್ರಿಯವನ ಮಗ ಅಲ್ವೇನಮ್ಮ? ಉಂಗುರ ಸಿಕ್ತಾ ಇವನಿಗೆ?"

ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ನಿಂತಿತು. "ರೀ, ನೀವು ಮಲಗಿರ್ತಿರ್ಲಿಲ್ವಾ?"

"ಮಲಗ್ತಿದ್ದೆ. ಮಲಗೋ ಮುಂಚೆ ಸ್ವಲ್ಪ ಕಿವಿಗೆ ಬೀಳ್ತಿತ್ತು. ಔಷಧಿ ಅಂಗಡಿಯವನು ಬೈತಾನೆ, ಅವಳು ಅಳ್ತಾಳೆ, ಅಷ್ಟರಲ್ಲಿ ನಿದ್ದೆ. ಯಾವತ್ತೂ ಕೊನೆ ಕೇಳಿಲ್ಲ."

ಅಜ್ಜಿ ಎದ್ದಳು. ಮಣೆ ತಂದು ಸ್ಪೀಕರಿನ ಪಕ್ಕದಲ್ಲೇ ಹಾಕಿದಳು, ಸ್ಪೀಕರಿಗೇ ಒರಗಿದಳು. ಒಮ್ಮೆ ಕೆಮ್ಮಿದಳು.

"ಸಿಕ್ಕಿಲ್ಲ ಕಣೋ. ಅದಕ್ಕೇ ಓಡ್ತಿದಾನೆ. ಉಂಗುರ ಆ ರೈಲಲ್ಲಿದೆ. ಕೋಟು ಹಾಕಿದಾಳೆ ನೋಡು, ಅವಳು ಹುಡುಗಿ ಚಿಕ್ಕಮ್ಮ, ಬಾಯಲ್ಲಿಟ್ಕೊಂಡಿದಾಳೆ. ಅದಕ್ಕೇ ಮಾತಾಡ್ತಾನೇ ಇಲ್ಲ..."

ಗಿಣಿ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಹಿಂದಿರುಗಿ ನೋಡುವಷ್ಟರಲ್ಲಿ ಅಪ್ಪ ಕೂತಲ್ಲೇ ಕತ್ತು ವಾಲಿಸಿದ್ದ. ಬಾಯಿ ಅರೆತೆರೆದಿತ್ತು. ಅಮ್ಮ ದಿಂಬು ತಂದು ಸರಿಸಿದಳು. ಅವನಿಗೆ ಎಚ್ಚರವಾಗಲಿಲ್ಲ.

ಆ ವಾರ ಪೂರ್ತಿ ಹಾಗೇ ಆಯಿತು. ಮಾವ ಬಂದಾಗಲೆಲ್ಲ ಎದೆ ಉಬ್ಬಿಸಿದ. "ಹೇಳಿದ್ನೋ ಇಲ್ವೋ? ಹೋಮ್ ಥಿಯೇಟರ್! ಇನ್ನು ಸೌಂಡ್ ಒಂದು ಬಂದ್ಬಿಟ್ರೆ ಭಾವ ವಾರಗಟ್ಟಲೆ ಏಳಲ್ಲ."

ಶನಿವಾರ ಸೌಂಡ್ ಕಾರ್ಡ್ ಬಂತು. ಉಗುರಿನಷ್ಟು ಸಣ್ಣದು. ಮಾವನೇ ಸಿಕ್ಕಿಸಿದ. ಹಜಾರದಲ್ಲಿ ನಿಜವಾದ ರೈಲು ಹೊಕ್ಕ ಹಾಗಾಯಿತು. ಗಾಜು ಅದುರಿತು, ಎದೆ ಅದುರಿತು. ಲಾಂಡ್ರಿಯವನ ಮಗ ಉಂಗುರದ ಮಾತೇ ಎತ್ತಲಿಲ್ಲ; ಬ್ಯಾಂಕ್ ದರೋಡೆಯ ಬಗ್ಗೆ ಏನೇನೋ ಕಿರುಚಿದ. ಅಪ್ಪ ಮಂಡಿ ಅಪ್ಪಿಕೊಂಡು ಸಣ್ಣ ಹುಡುಗನ ಹಾಗೆ ಕೊನೆಯವರೆಗೂ ನೋಡಿದ. ಮೊದಲು ಮಲಗಿದವನು ಮಾವ. ಅಜ್ಜಿ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ಬಟಾಣಿ ಬಿಡಿಸುತ್ತಿದ್ದಳು.

"ಬಾ ಅಜ್ಜಿ, ಚೆನ್ನಾಗಿದೆ."

"ಅವರೇ ಮಾತಾಡ್ತಾರಲ್ಲ. ಇಬ್ಬಿಬ್ರು ಯಾಕೆ?"

ಬೆಳಿಗ್ಗೆ ಅಪ್ಪನ ಕಣ್ಣು ಮತ್ತೆ ಟೊಮೆಟೊ ಆಗಿತ್ತು. ಸೋಮವಾರ ಚಹಾಕ್ಕೆ ಉಪ್ಪು ಹಾಕಿಕೊಂಡು, ಕುಡಿದೂ ಬಿಟ್ಟ. ಮಂಗಳವಾರ ಫ್ಯಾಕ್ಟರಿಯಿಂದ ಬಂದವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ.

"ಒಂದು ಟ್ರೇ ಪೂರ್ತಿ ಸುಟ್ಟೆ. ಸೂಪರ್‌ವೈಸರ್ ನೋಡಿದ್ರು."

"ಏನಂದ್ರು?"

"ಶುಕ್ರವಾರದವರೆಗೆ ನೋಡ್ತಾರಂತೆ. ಇಲ್ದಿದ್ರೆ ರಾತ್ರಿ."

"ಸಿನಿಮಾ ಸಾಕಾಗ್ಲಿಲ್ಲ ಭಾವ," ಎಂದ ಮಾವ, ಅದೇ ಹೊತ್ತಿಗೆ ಊಟಕ್ಕೆ ಬಂದಿದ್ದವನು. "ಎರಡು ಹಾಕ್ಬೇಕು."

"ನಿನ್ನ ತಲೆ!" ಅಮ್ಮ ಸೌಟನ್ನು ಪಾತ್ರೆಗೆ ಕುಟ್ಟಿದಳು. ಅಮ್ಮ ಅಷ್ಟು ದೊಡ್ಡ ಸದ್ದು ಮಾಡಿದ್ದನ್ನು ಗಿಣಿ ಕೇಳಿದ್ದು ಅದೇ ಮೊದಲು. "ನಾನು ಹಗಲು ಹೊಲಿಯೋದು ಇನ್ನು ಮೂರು ದಿನ ಅನ್ನಿ ಹಾಗಾದ್ರೆ."

ಗಿಣಿ ಊಟ ಬಿಟ್ಟು ಎದ್ದಳು. ಪೆಟ್ಟಿಗೆಯ ಹಿಂದೆ ಕೈ ಹಾಕಿ ಸೌಂಡ್ ಕಾರ್ಡ್ ಕಿತ್ತಳು, ಚಮಚದ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

"ಏ ಏ! ಅದ್ಯಾಕೆ ಕಿತ್ತೆ?" ಮಾವ ಕೂಗಿದ.

"ಮಾವ, ಆ ವಾರ ಅಪ್ಪ ಮಲಗಿದ್ದು ಸಿನಿಮಾಕ್ಕಲ್ಲ. ನಾವು ವರ್ಷಗಟ್ಟಲೆ ಅಜ್ಜೀನ ಸುಮ್ನಿರು ಅಂತ ಬೈದಿದ್ದೇ ಬೈದಿದ್ದು. ಅಜ್ಜಿ ಮಾತು ಕೇಳ್ಕೊಂಡೇ ಅಪ್ಪ ಮಲಗ್ತಿದ್ದಿದ್ದು."

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ.

"ಇರಬಹುದು," ಅಂದ. "ಆ ಸಿನಿಮಾ ತುಂಬ ಚೆನ್ನಾಗಿತ್ತು. ಮಲಗೋಕೇ ಮನಸ್ಸಾಗ್ಲಿಲ್ಲ."

"ಅಂದ್ರೆ ನಂದು ಚೆನ್ನಾಗಿಲ್ಲ ಅಂತ," ಅಜ್ಜಿ ಹೊಸ್ತಿಲಿಂದಲೇ ಅಂದಳು. ಆದರೆ ಮಣೆ ಆಗಲೇ ಕೈಯಲ್ಲಿತ್ತು.

ಮಾವ ಆ ರಾತ್ರಿಯೇ ಸ್ಪೀಕರುಗಳನ್ನು ವ್ಯಾನಿಗೆ ಹೇರಿದ. ಭಾನುವಾರ ಮಧ್ಯಾಹ್ನ ಮಾತ್ರ ತರುತ್ತೇನೆ, ಸೌಂಡ್ ಕಾರ್ಡ್ ಕಳೆಯಬೇಡಿ ಎಂದು ಹೇಳಿಯೇ ಹೋದ. ಅಜ್ಜಿಗೆ ಗೋಡೆ ವಾಪಸ್ ಸಿಕ್ಕಿತು. ಅಮ್ಮ ಮಿಷನ್ನಿನ ಮೇಲಿಂದ ಕಂದು ಹೊದಿಕೆ ತೆಗೆದು, ಹೊಲಿಗೆ ಬಿಚ್ಚಿ, ಮತ್ತೆ ಪರದೆ ಮಾಡಿ ಕಟ್ಟಿದಳು. ಅಪ್ಪ ಪರದೆಯ ಆಚೆ ಮಲಗಿದ. ಗಿಣಿ ಪೆಟ್ಟಿಗೆಯಲ್ಲಿ ಸಿಕ್ಕಿದ ಯಾವುದೋ ಸಿನಿಮಾ ಹಾಕಿದಳು, ಯಾವುದು ಅಂತ ಓದಲೂ ಇಲ್ಲ. ಪೆಟ್ಟಿಗೆ ಒಂಚೂರೂ ಸದ್ದು ಮಾಡಲಿಲ್ಲ.

ಅಜ್ಜಿ ಬಿಸಿನೀರು ತರಿಸಿಕೊಂಡು ಗುಟುಕರಿಸಿದಳು. ಲಾಂಡ್ರಿಯವನ ಮಗ ಬಂದ, ಔಷಧಿ ಅಂಗಡಿಯವನು ಬೈದ, ಮಗಳು ಅತ್ತಳು. ಅಷ್ಟರಲ್ಲಿ ಟಿವಿಯಲ್ಲಿ ಮದುವೆಯೇ ಬಂತು. ಹೂವು, ದೀಪ, ಜನವೋ ಜನ. ಮದುಮಗ ಬೆರಳು ಹಿಡಿದು ಉಂಗುರ ತೊಡಿಸಿಯೇ ಬಿಟ್ಟ.

ಗಿಣಿ ಮುಂದಕ್ಕೆ ಬಾಗಿದಳು. "ಸಿಕ್ತಾ ಅಜ್ಜಿ? ಕೊನೆಗೂ?"

ಪರದೆಯ ಆಚೆಯಿಂದ ಗೊರಕೆ ಶುರುವಾಯಿತು. ಅಮ್ಮ ಸೂಜಿ ಹಿಡಿದು ಕಿವಿಗೊಟ್ಟಳು. ಮೆತ್ತಗೆ ಅತ್ತೆ ಅನ್ನಲಿಲ್ಲ.

ಅಜ್ಜಿ ಪರದೆ ಕಡೆ ನೋಡಿದಳು, ಟಿವಿ ಕಡೆ ನೋಡಿದಳು.

"ಎಲ್ಲಿ ಸಿಕ್ತು?" ಅಂದಳು, ಅದೇ ಪಿಸುದನಿಯಲ್ಲಿ. "ಅದು ಡೂಪ್ಲಿಕೇಟ್ ಕಣೇ. ನಾಳೆ ಗೊತ್ತಾಗುತ್ತೆ."